ಧಾಟಿ ಕಳೆದ ಪದಗಳು: ರಾಳ್ಳಪಲ್ಲಿ ಅನಂತಕೃಷ್ಣಶರ್ಮರ ಎರಡು ನುಡಿಗಳ ಬಾಳು

ಅವಿಭಜಿತ ಅನಂತಪುರ ಜಿಲ್ಲೆಯ ಪಶ್ಚಿಮದಂಚಿಗೆ ರಾಯದುರ್ಗ, ದಕ್ಷಿಣದ ಕೊನೆಗೆ ಮಡಕಶಿರ. ಇವೆರಡರ ನಡುವಣ ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರ ಜನವರಿ 23ರಂದು ಅನಂತಕೃಷ್ಣಶರ್ಮರು ಜನಿಸಿದರು. ಅನಂತಪುರ ಬಳ್ಳಾರಿಯಿಂದ ಬೇರೆಯಾಗಿ ಆಗ ಹನ್ನೊಂದು ವರ್ಷವಷ್ಟೇ ಆಗಿತ್ತು. ರಾಯದುರ್ಗವು ಬಳ್ಳಾರಿಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳೊಂದಿಗೆ ಆಂಧ್ರಕ್ಕೆ ಸೇರಿತು. ಆಡಳಿತದ ಈ ಗೆರೆಗಳು ಸಾಹಿತ್ಯಚರಿತ್ರೆಯಲ್ಲಿಯೂ ಬಿದ್ದಿವೆ. ತೆಲುಗಿನಲ್ಲಿ ಶರ್ಮರು ವೇಮನನ ವಿಮರ್ಶಕರು, ಗಾಥಾಸಪ್ತಶತಿಯನ್ನು ಪ್ರಾಕೃತದಿಂದ ತಂದವರು. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ಗಳ ಕರ್ತೃ. ಒಂದು ಚರಿತ್ರೆ ಇನ್ನೊಂದನ್ನು ಅಡಿಟಿಪ್ಪಣಿಯಷ್ಟಕ್ಕೆ ಇಳಿಸುತ್ತದೆ. ಅವರ ಅತಿದೊಡ್ಡ ಕೆಲಸವನ್ನು ಅರಿಯಲು ಎರಡನ್ನೂ ಕೂಡಿಸಿ ಓದಬೇಕಾಗುತ್ತದೆ ಎಂಬುದು ಇಲ್ಲಿಯ ವಾದ.

ಯೌವನದಲ್ಲಿ ಅವರು ಮೈಸೂರಿಗೆ ಬಂದು ಪರಕಾಲ ಮಠದ ಆಶ್ರಯದಲ್ಲಿ ಸಂಸ್ಕೃತ ಓದಿದರು. ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. ಕಟ್ಟಮಂಚಿ ರಾಮಲಿಂಗಾರೆಡ್ಡಿಯವರ ಕಣ್ಣಿಗೆ ಬಿದ್ದು 1912ರಲ್ಲಿ ಮಹಾರಾಜ ಕಾಲೇಜಿನ ತೆಲುಗು ಪಂಡಿತರಾದವರು ನಾಲ್ಕು ದಶಕಕ್ಕೆ ಸಮೀಪದ ಅವಧಿಯನ್ನು ಅಲ್ಲೇ ಕಳೆದರು. ಕನ್ನಡದ ರಾಜಧಾನಿಯಲ್ಲಿ ತೆಲುಗು ಪಾಠ, ಸಂಗೀತವನ್ನು ಕುರಿತ ಚಿಂತನೆಗೆ ಕನ್ನಡ ಗದ್ಯ: ಈ ಹಂಚಿಕೆ ಗಡಿಸೀಮೆಯವರಿಗೆ ವಿಶೇಷವೆಂದು ತೋರದು.

ನಿವೃತ್ತಿಯ ತರುವಾಯ ತಿರುಪತಿಯಿಂದ ಕರೆ ಬಂತು. ತಾಳ್ಳಪಾಕ ಅನ್ನಮಾಚಾರ್ಯರ (1408–1503) ಹಾಗೂ ಅವರ ವಂಶಜರ ಸಂಕೀರ್ತನೆಗಳು ತಿರುಮಲೆಯ ದೇವಾಲಯದಲ್ಲಿ ತಾಮ್ರಪಟಗಳ ಮೇಲೆ ಶತಮಾನಗಳ ಕಾಲ ಮೌನವಾಗಿದ್ದವು. 12,000ಕ್ಕೂ ಮಿಕ್ಕ ಪದಗಳು. ವೇಟೂರಿ ಪ್ರಭಾಕರಶಾಸ್ತ್ರಿಗಳು ಪರಿಷ್ಕರಣದಲ್ಲಿ ತೊಡಗಿದ್ದು 1950ರಲ್ಲಿ ತೀರಿಕೊಂಡರು. ಶರ್ಮರು ಆ ಕೆಲಸವನ್ನು ಮುಂದುವರಿಸಿದ್ದಲ್ಲದೆ, ಆಯ್ದ ಪದಗಳಿಗೆ ಧಾಟಿ ಕಟ್ಟಿ ಸ್ವರಲಿಪಿಯೊಡನೆ ಪ್ರಕಟಿಸಿದರು. ಪಟಗಳಲ್ಲಿದ್ದುದು ಪದಪಾಠ ಮತ್ತು ರಾಗದ ಹೆಸರು, ಅಷ್ಟೇ. ಸ್ವರಲಿಪಿ ಇಲ್ಲ, ತಾಳದ ಸೂಚನೆ ಸಾಮಾನ್ಯವಾಗಿ ಇಲ್ಲ, ಹಾಡಿಕೆಯ ಪರಂಪರೆಯೂ ಕಡಿದುಹೋಗಿತ್ತು.

ರಾಗದ ಹೆಸರಿದ್ದರೆ ಅರ್ಧ ಕೆಲಸ ಆದಂತಲ್ಲವೇ ಎಂದು ಕೇಳಬಹುದು. ಮುಖಾರಿಯನ್ನೇ ತೆಗೆದುಕೊಳ್ಳೋಣ. ವಿಜಯನಗರದಲ್ಲಿ 1550ರಲ್ಲಿ ರಾಮಾಮಾತ್ಯನು ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ಮುಖಾರಿ ಎಂದರೆ ಶುದ್ಧ ಸ್ವರಗಳ ಮೊದಲ ಮೇಳ, ಎಂದರೆ ಇಂದಿನ ಕನಕಾಂಗಿಗೆ ಸಮನಾದುದು. ಇಂದು ನಾವು ಕೇಳುವ ಮುಖಾರಿಯು ಖರಹರಪ್ರಿಯದ ಜನ್ಯ. ಹೆಸರು ಉಳಿದಿದೆ, ಸ್ವರಗಳು ಬದಲಾಗಿವೆ. ತಾಮ್ರಪಟದ ‘ಮುಖಾರಿ’ಯನ್ನು ನಿಷ್ಠೆಯಿಂದ ಹಾಡಬೇಕೆಂದರೆ ಯಾವುದಕ್ಕೆ ನಿಷ್ಠೆ? ಹೆಸರಿಗೋ, ಹದಿನಾರನೆಯ ಶತಮಾನದ ಮೇಳಕ್ಕೋ, ಇಂದಿನ ಕಿವಿಗೋ? ಪಾಠಾಂತರಗಳ ನಡುವೆ ಆಯುವ ಸಂಪಾದಕನಿಗೆ ಇಂಥ ಇಕ್ಕಟ್ಟು ಹೊಸದಲ್ಲ. ಆದರೆ ಅವನು ಎರಡು ಪಾಠಗಳನ್ನೂ ಅಚ್ಚು ಹಾಕಬಹುದು; ಹಾಡುಗಾರ ಒಂದನ್ನೇ ಹಾಡಬಲ್ಲ.

ಈ ಇಕ್ಕಟ್ಟಿನ ಸ್ವರೂಪ ಸ್ಪಷ್ಟವಾಗಲು ಇದೇ ಸೀಮೆಯ ಮತ್ತೊಂದು ಭಕ್ತಿಗಾಯನವನ್ನು ಪಕ್ಕಕ್ಕಿಟ್ಟು ನೋಡಬೇಕು. ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಯೂರಿತು. ಜಾನ್ ಹ್ಯಾಂಡ್ಸ್ ಮುಂದಾಳಾಗಿದ್ದ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಿತು. ಚರ್ಚಿನ ಗಾನವೃಂದವನ್ನು ನಡೆಸುವವನ ಕಷ್ಟ ಶರ್ಮರ ಕಷ್ಟಕ್ಕೆ ನೇರ ತಿರುಗುಮುರುಗು. ಅವನ ಬಳಿ ಧಾಟಿ ಸಿದ್ಧವಾಗಿ ಬಂದಿತ್ತು, ಯುರೋಪಿನಿಂದ. ಪದವನ್ನು ಅದಕ್ಕೆ ಹೊಂದಿಸಬೇಕಿತ್ತು. ಆ ಧಾಟಿಗಳು ಅಕ್ಷರಸಂಖ್ಯೆ ಮತ್ತು ಒತ್ತನ್ನು ನಂಬಿದವು: ಎಂಟು, ಆರು, ಎಂಟು, ಆರು. ಕನ್ನಡದ ಲಯವೋ ಗುರು–ಲಘುಗಳ ಮಾತ್ರೆಯಲ್ಲಿದೆ. ಧಾಟಿ ನೀಳವಾಗುವ ಕಡೆ ಲಘು ಬಿದ್ದರೆ ಮನ ಮಾನವಾಗುತ್ತದೆ, ಬಲ ಬಾಲವಾಗುತ್ತದೆ. ಸಭೆ ನಗದಿದ್ದರೆ ಅದು ಸಭೆಯ ಭಕ್ತಿ. ಫರ್ಡಿನೆಂಡ್ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಯೇಸುಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ್ದಕ್ಕೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದಕ್ಕೂ ಸಂಬಂಧವಿದೆ ಎಂದು ನಾನು ಭಾವಿಸುತ್ತೇನೆ. ಜನ ಹಾಡಬೇಕಾದರೆ ನುಡಿಯ ಅಳತೆ ಮೊದಲು ತಿಳಿದಿರಬೇಕಿತ್ತು.

ಶರ್ಮರಿಗೂ ನೆರವಾದುದು ಛಂದಸ್ಸೇ. ತಾಳ ಬರೆದಿಲ್ಲದಿದ್ದರೂ ಪದದ ಮಾತ್ರಾಗಣಗಳು ಅದನ್ನು ಸೂಚಿಸುತ್ತವೆ: ಮೂರರ ನಡೆಯೋ, ನಾಲ್ಕರದೋ, ಐದರದೋ ಎಂಬುದು ಸಾಲನ್ನು ಗಟ್ಟಿಯಾಗಿ ಓದಿದರೆ ನಾಲಗೆಗೆ ಗೊತ್ತಾಗುತ್ತದೆ. ಯತಿ ಎಲ್ಲಿದೆ, ಪ್ರಾಸ ಎಲ್ಲಿ ಮರಳುತ್ತದೆ, ಪಲ್ಲವಿಗೆ ಚರಣ ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದನ್ನು ಕಾಣಲು ಕೇವಲ ಗಾಯಕನ ಕಿವಿ ಸಾಲದು, ಕೇವಲ ಪಂಡಿತನ ಕಣ್ಣೂ ಸಾಲದು. ತರಗತಿಯಲ್ಲಿ ದಶಕಗಳ ಕಾಲ ತೆಲುಗು ಕಾವ್ಯ ಓದಿಸಿದವರೂ, ಮನೆಯ ಹೊರಗೆ ಒಳಗೆ ಸಂಗೀತವನ್ನೇ ಉಸಿರಾಡಿದವರೂ ಒಬ್ಬರೇ ಆಗಿದ್ದುದು ತಿರುಪತಿಯ ಭಾಗ್ಯ. ಅವರು ಕಟ್ಟಿದ ಧಾಟಿಗಳು ಹದಿನೈದನೆಯ ಶತಮಾನದ ಪುನರ್ನಿರ್ಮಾಣಗಳಲ್ಲ. ಇಪ್ಪತ್ತನೆಯ ಶತಮಾನದ ಕರ್ನಾಟಕ ಸಂಗೀತದ ರಾಗರೂಪದಲ್ಲಿ, ಶಿಷ್ಯನೊಬ್ಬ ಪುಸ್ತಕ ಹಿಡಿದು ಕಲಿಯಬಹುದಾದ ಸ್ವರಲಿಪಿಯಲ್ಲಿ ಅವು ಇವೆ. ಮೇಷ್ಟ್ರ ಕೈಬರಹ ಅಲ್ಲಿ ಕಾಣುತ್ತದೆ.

1970ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1974ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂದವು. 1979ರಲ್ಲಿ ಅವರು ನಿಧನರಾದರು. ಕಛೇರಿಯಲ್ಲಿ ಗಾಯಕರು ಅನ್ನಮಯ್ಯನ ಹೆಸರು ಹೇಳಿ, ರಾಗ ಹೇಳಿ, ಹಾಡತೊಡಗುತ್ತಾರೆ. ಧಾಟಿಯೂ ಅನ್ನಮಯ್ಯನದೇ ಎಂದು ಕೇಳುಗರು ತಿಳಿಯುತ್ತಾರೆ. ರಾಯದುರ್ಗದ ಮನೆಗಳಲ್ಲಿ ಆ ತೆಲುಗು ಪದವನ್ನು ಕನ್ನಡ ಮಾತಿನ ಹೆಂಗಸರೂ ಕಲಿಯುತ್ತಾರೆ, ಕನ್ನಡ ಲಿಪಿಯಲ್ಲಿ ಬರೆದುಕೊಂಡು.