ಹೈರಾಣ: ಅರಬಿಯಿಂದ ಕೋಲಾರದವರೆಗೆ

ಕಳೆದ ಮಾವಿನ ಸುಗ್ಗಿಯ ಒಂದು ಶುಕ್ರವಾರ. ಜುಮಾ ಮುಗಿದ ಮೇಲೆ ಶ್ರೀನಿವಾಸಪುರ ಕಡೆಯ ಯುವಕರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. "ಹಜರತ್, ಅಮ್ಮಿಗೆ ಮರೆವು. ಮಂಡಿಯಿಂದ ಮನೆಗೆ ಹೋದರೆ ಕೇಳಿದ್ದನ್ನೇ ಹತ್ತು ಸಲ ಕೇಳ್ತಾರೆ. ಹೈರಾಣಾಗಿಬಿಟ್ಟಿದ್ದೀನಿ" ಎಂದರು. ಹೆತ್ತವರಿಗೆ 'ಉಫ್' ಎನ್ನಬಾರದೆಂಬ ಅಲ್ಲಾಹನ ಆಜ್ಞೆಯನ್ನು ಅವರಿಗೆ ನೆನಪಿಸಬೇಕಿರಲಿಲ್ಲ. ಅದು ಗೊತ್ತಿದ್ದೇ ಸಂಕಟಪಟ್ಟು ಬಂದಿದ್ದರು. ನನ್ನ ಮನಸ್ಸು ನಿಂತದ್ದು 'ಹೈರಾಣ'ದ ಮೇಲೆ.

ಟೊಮೆಟೊ ಬೆಲೆ ಕುಸಿದರೆ ರೈತ ಹೈರಾಣ, ಕಚೇರಿಗೆ ಅಲೆದರೆ ಜನ ಹೈರಾಣ. ಕಾಟದಿಂದ ಬೇಸತ್ತು ಸುಸ್ತಾಗುವುದು ಎಂದೇ ನಮ್ಮಲ್ಲಿ ಅರ್ಥ. ಮೂಲ ಅರಬಿಯ 'ಹೈರಾನ್'ನಲ್ಲಿ ಈ ಬೇಸರವಿಲ್ಲ. ದಿಕ್ಕು ತೋಚದೆ ನಿಂತವನು ಅವನು. ಫಾರ್ಸಿ, ಉರ್ದುಗಳಲ್ಲಿ ಬೆರಗಾದವನೂ ಹೌದು.

1638ರ ಆಸುಪಾಸಿನಲ್ಲಿ ನಮ್ಮ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಕೈಸೇರಿ, ಷಹಾಜಿಯ ಜಹಗೀರಾಯಿತು. 1687ರಲ್ಲಿ ಮೊಘಲರು ಬಂದು ಸಿರಾ ಸುಬೆ ಕಟ್ಟಿದರು. ಬೂದಿಕೋಟೆಯಲ್ಲಿ ಹುಟ್ಟಿದ ನವಾಬ್ ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ಆ ಸುಬೆಯ ಕೆಳಗೆ ಕೋಲಾರದ ಫೌಜುದಾರ. ಆಡಳಿತದ ಫಾರ್ಸಿ, ದಂಡಿನ ದಖನಿ, ಗುಮಾಸ್ತರ ಮರಾಠಿ ಎಲ್ಲವೂ ಇಲ್ಲಿನ ಕನ್ನಡಕ್ಕೆ ಪದ ಕೊಟ್ಟವು. ಮರಾಠಿಯಲ್ಲೂ ಇದು ಣಕಾರದ 'ಹೈರಾಣ'ವೇ ಆದ್ದರಿಂದ ನಮಗೆ ಬಂದದ್ದು ಆ ದಾರಿಯಲ್ಲಿ ಎಂದು ನನಗನಿಸುತ್ತದೆ. ವಸೂಲಿ, ಬಾಕಿ, ಜಪ್ತಿಗಳ ಜೊತೆ ಬಂದ ಪದ ಬೆರಗಿನ ಅರ್ಥ ಉಳಿಸಿಕೊಳ್ಳುವುದು ಕಷ್ಟವೇ ಇತ್ತೇನೋ!

'ತಕರಾರು' ಕೂಡ ಹೀಗೆಯೇ. ಅರಬಿಯಲ್ಲಿ 'ತಕ್ರಾರ್' ಎಂದರೆ ಒಂದನ್ನೇ ಮತ್ತೆ ಮತ್ತೆ ಹೇಳುವುದು, ಅಷ್ಟೆ. ಆ ತಾಯಿ ಮಾಡುತ್ತಿರುವುದೂ ಅದನ್ನೇ. ಅದನ್ನು ಜಗಳವಾಗಿಸಿದವರು ನಾವು.

ಅರಬಿ ನಿಘಂಟುಕಾರರು ಹೈರಾನ್‌ನ ಧಾತುವಿಗೆ ಎರಡು ಚಿತ್ರ ಕೊಡುತ್ತಾರೆ. ಒಂದು, ಪ್ರಖರವಾದದ್ದನ್ನು ನೋಡಿ ಕಣ್ಣು ಕುಕ್ಕುವುದು. ಇನ್ನೊಂದು, ತಗ್ಗಿನಲ್ಲಿ ಸೇರಿದ ನೀರು ಹೊರಹೋಗುವ ದಾರಿಯಿಲ್ಲದೆ ಅಲ್ಲೇ ಸುತ್ತುವುದು. ಕೆರೆಗಳನ್ನೇ ನಂಬಿ ಬದುಕಿದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಕಟ್ಟಿಕೊಂಡಿದೆ, ಕೋಡಿಯೂ ಇಲ್ಲ, ನೀರು ಎಲ್ಲಿಗೆ ಹೋಗಬೇಕು? ಆ ಯುವಕರ ಮುಖ ನೋಡಿದಾಗ ನನಗೆ ಕಂಡದ್ದು ಕೋಪವಲ್ಲ, ಇಂಥ ನೀರು.

ಪವಿತ್ರ ಕುರ್‌ಆನ್‌ನಲ್ಲಿ ಈ ಪದ ಒಂದೇ ಕಡೆ ಬರುತ್ತದೆ, ಅಲ್ ಅನ್‌ಆಮ್ ಅಧ್ಯಾಯದ 71ನೇ ಸೂಕ್ತದಲ್ಲಿ. ಶೈತಾನರು ದಾರಿ ತಪ್ಪಿಸಿದ ಒಬ್ಬ ದಿಕ್ಕುಗಾಣದೆ ನಿಂತಿದ್ದಾನೆ. ಗೆಳೆಯರು ಅವನನ್ನು ತಮ್ಮ ಬಳಿಗೆ ಬಾ ಎಂದು ಕರೆಯುತ್ತಿದ್ದಾರೆ. ಸೂಕ್ತದ ವಿಷಯ ಈಮಾನ್, ಮನೆಯ ರಗಳೆಯಲ್ಲ. ಆದರೂ ಅಲ್ಲಿ ಹೈರಾನ್ ಆದವನು ಒಂಟಿಯಲ್ಲ, ಅವನನ್ನು ಕರೆಯುವ ದನಿ ಇದೆ ಎಂಬುದು ಆ ಹೊತ್ತಿಗೆ ನೆನಪಾಯಿತು.

"ಅಮ್ಮಿ ಹತ್ತು ಸಲ ಕೇಳೋದು ಏನನ್ನ?" ಎಂದೆ.

ಅವರು ಸ್ವಲ್ಪ ಹೊತ್ತು ಟೋಪಿ ಮಡಿಸುತ್ತಾ ಕುಳಿತಿದ್ದರು. "ಬಂದೆಯಾ ಮಗಾ, ಅಂತ."