ಉಡಾಳ ಹುಡುಗನ ಇನ್ನೂರು ವರ್ಷ

ಬಾಗಲಕೋಟೆ ಕಡೆ ಒಂದು ಶಬ್ದ ಇದೆ: ಉಡಾಳ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಇದನ್ನು ಹೇಳಿದರೆ ಅದರ ಪೂರ್ತಿ ಖಾರ ಬರುವುದಿಲ್ಲ. ಮನೆಯಲ್ಲಿ ಒಂದು ಕಡೆ ಕೂಡದವನು, ಸಾಲಿಯಲ್ಲಿ ಪಾಟಿ ಕಳಕೊಂಡು ಬರುವವನು, ಮಾಸ್ತರರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಒದರುವವನು, ಮರ ಹತ್ತಿ ಕೈ ಮುರಕೊಂಡವನು, ಎಲ್ಲರಿಗೂ ಇದೊಂದೇ ಹೆಸರು. ಎಡಿಎಚ್‌ಡಿ ಬಗ್ಗೆ ನಾನು ಪರದೆ ಮೇಲೆ ಮಾತಾಡಿದ ರಾತ್ರಿ ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಬಂದ ಫೋನುಗಳ ಸಾರ ಹೆಚ್ಚು ಕಡಿಮೆ ಒಂದೇ ಆಗಿತ್ತು. "ಸರ, ನಮ್ಮ ಹುಡುಗ ಉಡಾಳ ಅದಾನೋ, ಇಲ್ಲಾ ಇದು ಬ್ಯಾನಿಯೋ?"

ಈ ಪ್ರಶ್ನೆಗೆ ಇನ್ನೂರು ವರ್ಷ ದಾಟಿದ ಚರಿತ್ರೆ ಇದೆ. ಗೂಗಲ್ಲಿನಿಂದ ಹುಟ್ಟಿದ ಕಾಯಿಲೆ, ಔಷಧ ಕಂಪನಿಗಳು ಕಟ್ಟಿದ ಕಾಯಿಲೆ ಅಂತ ಹೇಳುವವರು ಬಹಳ ಜನ. ಅವರು ಮೊದಲು ಈ ಚರಿತ್ರೆ ಕೇಳಲಿ.

1798ನೇ ಇಸವಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಬದುಕಿದ್ದ. ಬಾದಾಮಿ ಕೋಟೆ ಟಿಪ್ಪುವಿನ ಕೈಬಿಟ್ಟು ಮರಾಠರ ಕೈಗೆ ಬಂದು ಹನ್ನೆರಡು ವರ್ಷ ಆಗಿತ್ತು. ಆ ವರ್ಷ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯ ಮನಸ್ಸಿನ ರೋಗಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಅದರಲ್ಲಿ ಗಮನದ ಬಗ್ಗೆಯೇ ಒಂದು ಅಧ್ಯಾಯ. ಕೆಲವರಿಗೆ ಹುಟ್ಟಿನಿಂದಲೇ ಒಂದು ವಿಷಯದ ಮೇಲೆ ಮನಸ್ಸು ನಿಲ್ಲಿಸಲು ಬರುವುದಿಲ್ಲ, ಸಣ್ಣ ಸದ್ದೂ ಅವರನ್ನು ಕೆದಕುತ್ತದೆ, ಓದಿಗೆ ಇದು ಅಡ್ಡಿ, ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದು ಆತ ಬರೆದ. ಆಗ ಟೀವಿಯೂ ಇಲ್ಲ, ಮೊಬೈಲೂ ಇಲ್ಲ, ನೋಡಿ.

1840ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಚ್ ಹಾಫ್‌ಮನ್ ತನ್ನ ಪುಟ್ಟ ಮಗನಿಗಾಗಿ ಬರೆದ ಚಿತ್ರಪುಸ್ತಕದಲ್ಲಿ ಊಟದ ಮೇಜಿನ ಮುಂದೆ ಸುಮ್ಮನೆ ಕೂಡಲಾರದ ಫಿಲಿಪ್ ಬಂದ. ಕುರ್ಚಿ ಜೋಲಿ ಹೊಡೆಸಿ ಹೊಡೆಸಿ ಕೊನೆಗೆ ಮೇಜಿನ ಬಟ್ಟೆ, ಊಟ, ತಟ್ಟೆ ಸಮೇತ ನೆಲಕ್ಕೆ ಬೀಳುತ್ತಾನೆ. ನಮ್ಮ ಯಾವ ಮನೆಯಲ್ಲಿ ಈ ದೃಶ್ಯ ಕಂಡಿಲ್ಲ ಹೇಳಿ? ಆದರೆ ಆ ಪುಸ್ತಕದಲ್ಲಿ ಅವನು ಮಾತು ಕೇಳದ ಹುಡುಗ, ಅಷ್ಟೇ. ರೋಗಿ ಅಲ್ಲ.

ವೈದ್ಯಕೀಯ ಇದನ್ನು ಗಂಭೀರವಾಗಿ ತಗೊಂಡಿದ್ದು 1902ರಲ್ಲಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತನ್ನ ಸರಣಿ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದ. ಬುದ್ಧಿಗೆ ಕೊರತೆ ಇಲ್ಲ, ಸಾಕಿದ ರೀತಿಯಲ್ಲೂ ತಪ್ಪಿಲ್ಲ, ಆದರೂ ತಮ್ಮನ್ನು ತಾವು ಹಿಡಿದುಕೊಳ್ಳಲಾರರು. ಇದನ್ನು ಆತ "ನೈತಿಕ ಹಿಡಿತದ ಕೊರತೆ" ಎಂದು ಕರೆದ. ಹೆಸರು ಕೆಟ್ಟದ್ದು, ನೋಟ ಚುರುಕಾದದ್ದು. ಇತ್ತ ನಮ್ಮ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಎರಡನ್ನೂ ಒಟ್ಟಿಗೆ ಹೇಳಲು ಕಾರಣ ಇದೆ. ಸಾಲಿ ಬಂದ ಮೇಲೆ ಈ ಹುಡುಗ ಎದ್ದು ಕಾಣತೊಡಗಿದ. ಅದಕ್ಕೂ ಮೊದಲು ಇಳಕಲ್ಲಿನ ಕುಣಿ ಮಗ್ಗದ ಮನೆಯಲ್ಲಿ ಒಡಲಿನ ನೂಲಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೆಲಸಕ್ಕೆ ಅವನು ಕೂಡದಿದ್ದರೆ ಕುರಿ ಕಾಯಲಿಕ್ಕೋ ಸಂತೆಗೋ ಕಳಿಸುತ್ತಿದ್ದರು. ಅಲ್ಲಿ ಅವನ ಓಡಾಟ ಯಾರಿಗೂ ತೊಂದರೆ ಅನಿಸುತ್ತಿರಲಿಲ್ಲ. ಆರು ತಾಸು ಬೆಂಚಿನ ಮೇಲೆ ಕೂಡಿಸಿದಾಗ ತೊಂದರೆ ಶುರುವಾಯಿತು. ಹಾಗಂತ ಸಾಲಿಯೇ ರೋಗ ಹುಟ್ಟಿಸಿತು ಎನ್ನುವ ವಾದಕ್ಕೆ ನಾನು ಒಪ್ಪುವವನಲ್ಲ. ಕಣ್ಣಿನ ದೋಷವೂ ಕರಿಹಲಗೆ ಬಂದ ಮೇಲೇ ಹೆಚ್ಚು ಗೊತ್ತಾದದ್ದು.

ಔಷಧದ ಕಥೆ ಇನ್ನೂ ವಿಚಿತ್ರ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನಿದ್ದ. ಅಲ್ಲಿ ಮಕ್ಕಳ ಬೆನ್ನುಹುರಿಯ ನೀರು ತೆಗೆದು ಮಿದುಳಿನ ಎಕ್ಸ್‌ರೇ ಮಾಡುತ್ತಿದ್ದರು, ಆಮೇಲೆ ವಿಪರೀತ ತಲೆನೋವು. ಅದಕ್ಕೆ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಮಾತ್ರೆ ಕೊಟ್ಟ. ತಲೆನೋವಿನ ಮಾತು ಹಾಗಿರಲಿ, ಮೂವತ್ತು ಮಕ್ಕಳಲ್ಲಿ ಹದಿನಾಲ್ಕು ಮಂದಿ ಪಾಠದಲ್ಲಿ ಏಕಾಏಕಿ ಮುಂದೆ ಬಂದರು. ಮಕ್ಕಳೇ ಅದಕ್ಕೆ "ಲೆಕ್ಕದ ಗುಳಿಗೆ" ಅಂತ ಹೆಸರಿಟ್ಟರು. ಚುರುಕು ಮಾಡುವ ಔಷಧ ಚಡಪಡಿಸುವ ಮಗುವನ್ನು ಶಾಂತ ಮಾಡುವುದು ಹೇಗೆ? ಇವತ್ತಿನ ತಿಳಿವಳಿಕೆ ಹೀಗಿದೆ: ಮಿದುಳಿನ ಮುಂಭಾಗ ಉಳಿದ ಭಾಗಗಳಿಗೆ ಲಗಾಮು ಹಾಕುತ್ತದೆ. ಅಲ್ಲಿ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೆಚ್ಚಾದರೆ ಲಗಾಮು ಬಿಗಿಯಾಗುತ್ತದೆ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜೋನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ಮಾರ್ಗರೀಟಳ ಮುದ್ದಿನ ಹೆಸರು ರೀಟಾ, ಔಷಧದ ಹೆಸರು ರಿಟಾಲಿನ್ ಆಯಿತು. ಇಂದಿಗೂ ಜಗತ್ತಿನಲ್ಲಿ ಇದಕ್ಕೆ ಹೆಚ್ಚು ಬಳಸುವ ಔಷಧಗಳಲ್ಲಿ ಅದೂ ಒಂದು.

ಹೆಸರುಗಳು ಬದಲಾಗುತ್ತ ಬಂದವು. 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಬಾಲ್ಯದ ಅತಿಚಟುವಟಿಕೆ ಅಂತ ಬರೆಯಿತು. 1980ರಲ್ಲಿ ಗಮನದ ಕೊರತೆಗೆ ಒತ್ತು ಬಂತು. ಈಗಿನ ಹೆಸರು 1987ರದ್ದು. ಗಮನದ ಕೊರತೆ ಅನ್ನುವ ಶಬ್ದ ಬಂದಮೇಲೆಯೇ ಇನ್ನೊಂದು ಗುಂಪು ಕಣ್ಣಿಗೆ ಬಿತ್ತು, ಹೆಚ್ಚಾಗಿ ಹುಡುಗಿಯರು. ಅವರು ಓಡುವುದಿಲ್ಲ, ಹಾರುವುದಿಲ್ಲ. ಕಿಟಕಿ ಕಡೆ ನೋಡುತ್ತ ಕೂಡುತ್ತಾರೆ. ಇಂಥ ಹುಡುಗಿಗೆ ನಮ್ಮ ಕಡೆ ಉಡಾಳ ಅನ್ನುವ ಪಟ್ಟ ಕೂಡ ಸಿಗುವುದಿಲ್ಲ. "ಮಂದ ಬುದ್ಧಿ" ಅಂದು ಏಳನೇತ್ತೆಗೆ ಸಾಲಿ ಬಿಡಿಸಿ ಮದುವೆ ಮಾತು ಶುರು. ನನ್ನನ್ನು ಕೇಳಿದರೆ ಈ ಇಡೀ ಚರಿತ್ರೆಯಲ್ಲಿ ಅತಿ ದೊಡ್ಡ ಅನ್ಯಾಯ ಆಗಿರುವುದು ಇವರಿಗೆ.

ಹಾಗಾದರೆ ಉಡಾಳನಿಗೂ ರೋಗಕ್ಕೂ ಗೆರೆ ಎಲ್ಲಿ? 2013ರ ಕೈಪಿಡಿಯಲ್ಲಿ ಗಮನದ ಒಂಬತ್ತು, ಚಡಪಡಿಕೆ ಮತ್ತು ದುಡುಕಿನ ಒಂಬತ್ತು ಲಕ್ಷಣಗಳಿವೆ. ಒಂದು ಪಟ್ಟಿಯಲ್ಲಾದರೂ ಆರು ಇರಬೇಕು, ಹದಿನೇಳು ದಾಟಿದವರಿಗೆ ಐದು ಸಾಕು. ಆರು ತಿಂಗಳಿಂದ ಇರಬೇಕು, ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಕನಿಷ್ಠ ಎರಡು ಕಡೆ ಕಾಣಬೇಕು. ಮನೆಯಲ್ಲಿ ಗಲಾಟೆ, ಸಾಲಿಯಲ್ಲಿ ಶಾಂತ ಅಂದರೆ ಬೇರೆ ಕಾರಣ ಹುಡುಕಬೇಕು. ನಮ್ಮ ಕಡೆ ಇದು ಬಹಳ ಬೆಲೆಯುಳ್ಳ ನಿಯಮ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬದ ಮಗು ವರ್ಷದಲ್ಲಿ ಎರಡು ಸಾಲಿ ನೋಡುತ್ತದೆ. ಅಂಥ ಮಗು ಪಾಠದಲ್ಲಿ ಮನಸ್ಸಿಡದಿದ್ದರೆ ರೋಗ ಅನ್ನುವ ಮೊದಲು ಗುಳೇ ಹೋದದ್ದನ್ನು ಲೆಕ್ಕಕ್ಕೆ ತಗೋಬೇಕು. ಕಿವಿ ಕೇಳಿಸುತ್ತದೆಯೇ, ಕಣ್ಣು ಕಾಣುತ್ತದೆಯೇ, ನಿದ್ದೆ ಆಗುತ್ತದೆಯೇ, ರಕ್ತಹೀನತೆ ಇದೆಯೇ, ಕ್ಷಣಕಾಲ ಕಣ್ಣು ಸ್ತಬ್ಧವಾಗುವ ಫಿಟ್ಸ್ ಇದೆಯೇ, ಓದು ಬರಹದ ಕಲಿಕಾ ತೊಂದರೆ ಇದೆಯೇ, ಇವೆಲ್ಲ ನೋಡಿದ ಮೇಲೆ ತೀರ್ಮಾನ. ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಎಡಿಎಚ್‌ಡಿ ಸಿಗುವುದಿಲ್ಲ. "ಮೆದುಳು ಸ್ಕ್ಯಾನ್ ಮಾಡಿ ಹೇಳ್ತೀವಿ" ಅನ್ನುವವರ ಕೈಗೆ ರೊಕ್ಕ ಕೊಡಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿ ಮಿಡ್‌ಬ್ರೇನ್ ಆಕ್ಟಿವೇಶನ್ ಮಾಡುವವರ ಕೈಗಂತೂ ಕೊಡಲೇಬೇಡಿ.

ಚಿಕಿತ್ಸೆಯಲ್ಲಿ ವಯಸ್ಸು ನೋಡುತ್ತಾರೆ. ಆರು ವರ್ಷದೊಳಗಿನ ಮಗುವಿಗೆ ಮೊದಲು ಮಾತ್ರೆ ಅಲ್ಲ, ತಂದೆತಾಯಿಗೆ ತರಬೇತಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು, ಮುಂದಿನ ಬೆಂಚಿನಲ್ಲಿ ಕೂಡಿಸುವುದು, ನಡುವೆ ಎದ್ದು ಓಡಾಡಲು ಬಿಡುವುದು. ದೊಡ್ಡ ಮಕ್ಕಳಿಗೆ ಇದರ ಜೊತೆಗೆ ಮೀಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟಿನ್. ಮೊದಲನೆಯದು ಅದೇ ದಿನ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ವಾರಗಳು ಬೇಕು. ಹಸಿವು, ನಿದ್ದೆ ಕಡಿಮೆಯಾಗಬಹುದು. ಅದಕ್ಕೇ ತೂಕ, ಎತ್ತರ, ನಾಡಿ, ಬಿಪಿ ನೋಡುತ್ತಿರಬೇಕು. ಅಮೆರಿಕದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳು ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಸರಿಯಾಗಿ ಕೊಟ್ಟ ಔಷಧ ಮುಖ್ಯ ಲಕ್ಷಣಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ಮೂರನೇ ವರ್ಷಕ್ಕೆ ಗುಂಪುಗಳ ನಡುವಿನ ಆ ವ್ಯತ್ಯಾಸ ಕರಗಿತ್ತು. ಗುಳಿಗೆ ಒಂದೇ ಸಾಕು ಅನ್ನುವವರೂ, ಗುಳಿಗೆ ವಿಷ ಅನ್ನುವವರೂ ಈ ಎರಡನೇ ಮಾತನ್ನೋ ಮೊದಲನೆಯದನ್ನೋ ಮುಚ್ಚಿಡುತ್ತಾರೆ.

ಈಗ ನಮ್ಮ ನೆಲಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಮನಸ್ಸಿನ ಬ್ಯಾನಿ ಅಂದರೆ ಧಾರವಾಡದ ದೊಡ್ಡ ಗೋಡೆಯ ಆಸ್ಪತ್ರೆ. ಇಂದಿನ ಡಿಮ್ಹಾನ್ಸ್ ಅದರ ಮುಂದುವರಿಕೆ. "ಧಾರವಾಡಕ್ಕ ಕಳಸಬೇಕು ನಿನ್ನ" ಅಂತ ಬೈಯುವ ಸೀಮೆಯಲ್ಲಿ ಯಾವ ತಾಯಿ ಎಂಟು ವರ್ಷದ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾಳೆ? ಆ ಗೋಡೆ ದಾಟುವ ದೊಡ್ಡ ಪ್ರಯತ್ನ ನಡೆದದ್ದು ನಮ್ಮ ರಾಜ್ಯದಲ್ಲೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ಮನೋರೋಗದ ತರಬೇತಿ ಕೊಟ್ಟಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಆದರೆ ಅದರ ಕಣ್ಣು ಮೊದಲು ಹೋದದ್ದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಕಡೆ. ಚಡಪಡಿಸುವ ಮಗು ಸಾಲಿನ ಕೊನೆಗೇ ಉಳಿಯಿತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಮಾತ್ರ ಎಡಿಎಚ್‌ಡಿ ಹೆಸರು ಹಿಡಿದು ಬಂದಿದೆ. ಅಂದರೆ ಸರ್ಕಾರಿ ಸಾಲಿಗೆ ಬರುವ ವೈದ್ಯರ ತಂಡ ಹಲ್ಲು, ಕಣ್ಣು ನೋಡಿ ಹೋಗುವುದಲ್ಲ, ಇದನ್ನೂ ಕೇಳಬೇಕು. ಅವರು ಕೇಳದಿದ್ದರೆ ನೀವು ಕೇಳಿ. ವಿಚಿತ್ರ ಏನಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಒಂದು ಪಟ್ಟಿ ಹುಡುಕು ಅನ್ನುತ್ತದೆ, ಇನ್ನೊಂದು ಪಟ್ಟಿ ಸಿಕ್ಕವನಿಗೆ ಜಾಗ ಕೊಡುವುದಿಲ್ಲ. ಮಾಸ್ತರರ ಬೆತ್ತಕ್ಕೆ ಮಾತ್ರ ಕಾನೂನು ಸ್ಪಷ್ಟ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯುವುದನ್ನು ನಿಷೇಧಿಸಿದೆ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಎಡಿಎಚ್‌ಡಿ ಇರುವವರು ದೊಡ್ಡವರಾದ ಮೇಲೆ ಕುಡಿತ, ತಂಬಾಕಿಗೆ ಬೀಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಜೋಳಿಗೆಗೆ ಗುಟಕಾ ಚೀಟಿ ಹಾಕಿದ ಎಷ್ಟು ಮಂದಿ ಒಂದು ಕಾಲಕ್ಕೆ ಬೆಂಚಿನ ಮೇಲೆ ನಿಂತ ಉಡಾಳರಾಗಿದ್ದರೋ!

ಫೋನ್ ಮಾಡಿದವರಿಗೆ ನಾನು ಹೇಳಿದ್ದು ಇಷ್ಟು. ಮೊದಲು ಮಾಸ್ತರರನ್ನು ಕಂಡು, ತರಗತಿಯಲ್ಲಿ ಹುಡುಗ ಹೇಗಿರುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಆ ಹಾಳೆ ಹಿಡಿದು ತಾಲೂಕು ಆಸ್ಪತ್ರೆಗೆ ಹೋಗಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೋ ವಿಚಾರಿಸಿ. ಇಲ್ಲದಿದ್ದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು. ಹೋಗಲು ನಾಚಿಕೆ ಅನಿಸಿದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.