ಇಂದಿರಾ ಗಾಂಧಿ ಹಕ್ಕುಚ್ಯುತಿ ಪ್ರಕರಣ (1978)

ಇಂದಿರಾ ಗಾಂಧಿ ಹಕ್ಕುಚ್ಯುತಿ ಪ್ರಕರಣವು ಆರನೆಯ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿಯು ವಿಚಾರಣೆ ನಡೆಸಿದ ಸಂಸದೀಯ ಪ್ರಕರಣವಾಗಿದೆ. ಸಂಸತ್ತಿನಲ್ಲಿ ಕೇಳಲಾದ ಪ್ರಶ್ನೆಯೊಂದಕ್ಕೆ ಮಾಹಿತಿ ಸಂಗ್ರಹಿಸುತ್ತಿದ್ದ ಸರ್ಕಾರಿ ಅಧಿಕಾರಿಗಳಿಗೆ ಕಿರುಕುಳ ನೀಡಲಾಯಿತು ಎಂಬುದು ಇದರ ಮೂಲ ಆರೋಪ. ಸಮಿತಿಯ ವರದಿಯನ್ನು ಆಧರಿಸಿ ಲೋಕಸಭೆಯು 1978ರ ಡಿಸೆಂಬರ್ 19ರಂದು ಚಿಕ್ಕಮಗಳೂರು ಕ್ಷೇತ್ರದ ಸದಸ್ಯೆಯಾಗಿದ್ದ ಮಾಜಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಸದನದಿಂದ ಉಚ್ಚಾಟಿಸಿ, ಅಧಿವೇಶನ ಮುಕ್ತಾಯಗೊಳ್ಳುವವರೆಗೆ ಸೆರೆವಾಸ ವಿಧಿಸಿತು. 1981ರಲ್ಲಿ ಏಳನೆಯ ಲೋಕಸಭೆಯು ಈ ನಿರ್ಣಯವನ್ನು ರದ್ದುಪಡಿಸಿತು.

ಕಾರ್ಯಾಂಗದ ಮೇಲೆ ಸಂಸತ್ತು ನಡೆಸುವ ಮೇಲ್ವಿಚಾರಣೆ, ಅದರಲ್ಲಿ ಸಮಿತಿಗಳ ಪಾತ್ರ ಹಾಗೂ ಆ ಪಾತ್ರದ ಮಿತಿಗಳನ್ನು ಅಧ್ಯಯನ ಮಾಡುವವರಿಗೆ ಇದು ಪ್ರಮುಖ ಉದಾಹರಣೆಯಾಗಿದೆ. ಕಡೂರು, ತರೀಕೆರೆ ಮತ್ತು ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಪ್ರದೇಶಗಳು ಅಂದಿನ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಭಾಗವಾಗಿದ್ದವು.

ಸಂಸದೀಯ ಸಮಿತಿಗಳ ಹಿನ್ನೆಲೆ

ಸಂಸತ್ತು ಸರ್ಕಾರವನ್ನು ಪ್ರಶ್ನಿಸುವ ಮುಖ್ಯ ವಿಧಾನಗಳು ಎರಡು: ಸದನದಲ್ಲಿ ಸದಸ್ಯರು ಕೇಳುವ ಪ್ರಶ್ನೆಗಳು ಹಾಗೂ ಸಮಿತಿಗಳ ಪರಿಶೀಲನೆ. ಭಾರತದಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು 1921ರಿಂದಲೂ, ಅಂದಾಜುಗಳ ಸಮಿತಿಯು 1950ರಿಂದಲೂ, ಸಾರ್ವಜನಿಕ ಉದ್ಯಮಗಳ ಸಮಿತಿಯು 1964ರಿಂದಲೂ ಇವೆ. ಸಚಿವಾಲಯಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ರಚನೆಯಾದವು. ಆರಂಭದಲ್ಲಿ 17 ಇದ್ದ ಇವುಗಳ ಸಂಖ್ಯೆ 2004ರಲ್ಲಿ 24ಕ್ಕೆ ಏರಿತು.

ಹಕ್ಕುಬಾಧ್ಯತಾ ಸಮಿತಿಯ ಕಾರ್ಯ ಇವುಗಳಿಗಿಂತ ಭಿನ್ನವಾದುದು. ಅದು ಇಲಾಖೆಯ ಖರ್ಚನ್ನಾಗಲಿ ನೀತಿಯನ್ನಾಗಲಿ ಪರಿಶೀಲಿಸುವುದಿಲ್ಲ. ಸದನದ ಅಥವಾ ಸದಸ್ಯರ ವಿಶೇಷ ಹಕ್ಕುಗಳಿಗೆ ಚ್ಯುತಿ ಬಂದಿದೆಯೇ ಎಂಬುದನ್ನು ವಿಚಾರಿಸಿ ಸದನಕ್ಕೆ ವರದಿ ನೀಡುತ್ತದೆ. ಲೋಕಸಭೆಯ ಈ ಸಮಿತಿಯಲ್ಲಿ ಸಭಾಧ್ಯಕ್ಷರು ನಾಮಕರಣ ಮಾಡುವ 15 ಸದಸ್ಯರಿರುತ್ತಾರೆ. ಸಂಸತ್ತಿನ ವಿಶೇಷ ಹಕ್ಕುಗಳಿಗೆ ಸಂವಿಧಾನದ 105ನೆಯ ವಿಧಿಯೂ, ರಾಜ್ಯ ಶಾಸಕಾಂಗಗಳ ಹಕ್ಕುಗಳಿಗೆ 194ನೆಯ ವಿಧಿಯೂ ಆಧಾರ. ಪ್ರಶ್ನೆಗೆ ಉತ್ತರ ಸಿದ್ಧಪಡಿಸುವ ಅಧಿಕಾರಿಯು ಭಯವಿಲ್ಲದೆ ಮಾಹಿತಿ ಒದಗಿಸಲು ಸಾಧ್ಯವಾಗದಿದ್ದರೆ ಪ್ರಶ್ನಿಸುವ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಆದುದರಿಂದ ಈ ಸಮಿತಿಯು ಮೇಲ್ವಿಚಾರಣೆಯ ವ್ಯವಸ್ಥೆಯನ್ನು ಪರೋಕ್ಷವಾಗಿ ರಕ್ಷಿಸುತ್ತದೆ.

ಆರೋಪದ ಮೂಲ

ಐದನೆಯ ಲೋಕಸಭೆಯ ಅವಧಿಯಲ್ಲಿ, 1975ರಲ್ಲಿ, ಮಾರುತಿ ಲಿಮಿಟೆಡ್ ಕಂಪನಿಗೆ ಸಂಬಂಧಿಸಿದ ಪ್ರಶ್ನೆಯೊಂದು ಸದನದ ಮುಂದಿತ್ತು. ಇಂದಿರಾ ಗಾಂಧಿಯವರ ಪುತ್ರ ಸಂಜಯ್ ಗಾಂಧಿ ಸ್ಥಾಪಿಸಿದ್ದ ಈ ಕಂಪನಿಗೆ, ಆಮದು ಯಂತ್ರೋಪಕರಣಗಳನ್ನು ಬಳಸಬಾರದೆಂಬ ಷರತ್ತಿನೊಂದಿಗೆ ಕಾರು ತಯಾರಿಕೆಯ ಅನುಮತಿ ದೊರೆತಿತ್ತು. ಷರತ್ತಿನ ಪಾಲನೆಯಾಗಿದೆಯೇ ಎಂಬುದು ಪ್ರಶ್ನೆಯ ಹಿಂದಿದ್ದ ವಿಷಯ. ಉತ್ತರಕ್ಕಾಗಿ ಮಾಹಿತಿ ಸಂಗ್ರಹಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿ, ಬೆದರಿಸಿ, ಅವರ ವಿರುದ್ಧ ಸುಳ್ಳು ಮೊಕದ್ದಮೆ ಹೂಡಲಾಯಿತು ಎಂಬ ಆರೋಪ ನಂತರ ಕೇಳಿಬಂದಿತು. (1981ರಲ್ಲಿ ಸರ್ಕಾರಿ ಕಂಪನಿಯಾಗಿ ಆರಂಭವಾದ ಮಾರುತಿ ಉದ್ಯೋಗ್ ಇದರಿಂದ ಪ್ರತ್ಯೇಕವಾದ ಸಂಸ್ಥೆ.)

1977ರ ಮಾರ್ಚ್‌ನ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ಜನತಾ ಪಕ್ಷವು ಅಧಿಕಾರಕ್ಕೆ ಬಂದಿತು. ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಪರಾಭವಗೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಸದಸ್ಯರಾದ ಮಧು ಲಿಮಯೆ ಮತ್ತು ಕನ್ವರ್‌ಲಾಲ್ ಗುಪ್ತ ಲೋಕಸಭೆಯಲ್ಲಿ ಹಕ್ಕುಚ್ಯುತಿಯ ಪ್ರಶ್ನೆಯನ್ನು ಎತ್ತಿದರು. ಇಂದಿರಾ ಗಾಂಧಿ, ಅವರ ಸಹಾಯಕರಾಗಿದ್ದ ಆರ್.ಕೆ. ಧವನ್ ಹಾಗೂ ಕೇಂದ್ರೀಯ ತನಿಖಾ ದಳದ ಮಾಜಿ ನಿರ್ದೇಶಕ ಡಿ. ಸೇನ್ ಅವರ ವಿರುದ್ಧದ ಈ ವಿಷಯವು ಸಮರ್ ಗುಹಾ ಅವರ ಅಧ್ಯಕ್ಷತೆಯ ಹಕ್ಕುಬಾಧ್ಯತಾ ಸಮಿತಿಗೆ ಹೋಯಿತು. ಆಗ ಲೋಕಸಭಾಧ್ಯಕ್ಷರಾಗಿದ್ದವರು ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ.

ಚಿಕ್ಕಮಗಳೂರು ಉಪಚುನಾವಣೆ

ಉತ್ತರ ಭಾರತದಲ್ಲಿ ನೆಲಕಚ್ಚಿದ್ದ ಕಾಂಗ್ರೆಸ್ 1977ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಗೆದ್ದಿತ್ತು. 1978ರ ಆರಂಭದಲ್ಲಿ ಪಕ್ಷವು ಒಡೆದಾಗ ಮುಖ್ಯಮಂತ್ರಿ ಡಿ. ದೇವರಾಜ ಅರಸು ಇಂದಿರಾ ಗಾಂಧಿಯವರ ಜೊತೆಗಿದ್ದರು. ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ನೀಡಿ ಕ್ಷೇತ್ರವನ್ನು ತೆರವು ಮಾಡಿದರು. ಚಂದ್ರೇಗೌಡರು ಮುಂದೆ 1983ರಿಂದ 1985ರವರೆಗೆ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು.

1978ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಜನತಾ ಪಕ್ಷದ ಅಭ್ಯರ್ಥಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಜಾರ್ಜ್ ಫರ್ನಾಂಡಿಸ್ ಅವರು ಜನತಾ ಪಕ್ಷದ ಪ್ರಚಾರದ ಮುಂಚೂಣಿಯಲ್ಲಿದ್ದರು. ಇಂದಿರಾ ಗಾಂಧಿಯವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ವೀರೇಂದ್ರ ಪಾಟೀಲರು ನಂತರ ಕಾಂಗ್ರೆಸ್ಸಿಗೆ ಮರಳಿ 1989ರಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಯಾದರು.

ಈ ಗೆಲುವು ಪ್ರಕರಣದ ಸ್ವರೂಪವನ್ನೇ ಬದಲಿಸಿತು. ವಿಷಯವು ಸಮಿತಿಗೆ ಹೋದಾಗ ಇಂದಿರಾ ಗಾಂಧಿಯವರು ಲೋಕಸಭೆಯ ಸದಸ್ಯರಾಗಿರಲಿಲ್ಲ. ಸದಸ್ಯರಲ್ಲದವರಿಗೆ ಸದನವು ಛೀಮಾರಿ ಹಾಕಬಹುದು ಅಥವಾ ಸೆರೆವಾಸ ವಿಧಿಸಬಹುದು. ಉಚ್ಚಾಟನೆಯ ಮಾತೇ ಇಲ್ಲ. ಚಿಕ್ಕಮಗಳೂರಿನ ಮತದಾರರು ಅವರನ್ನು ಆಯ್ಕೆ ಮಾಡಿದ ಕಾರಣದಿಂದಲೇ ಆ ಶಿಕ್ಷೆ ಸಾಧ್ಯವಾಯಿತು.

ಸಮಿತಿಯ ವಿಚಾರಣೆ ಮತ್ತು ವರದಿ

ಸಮಿತಿಯ ಮುಂದೆ ಹಾಜರಾದ ಇಂದಿರಾ ಗಾಂಧಿಯವರು ಪ್ರಮಾಣ ಸ್ವೀಕರಿಸಿ ಸಾಕ್ಷ್ಯ ನುಡಿಯಲು ನಿರಾಕರಿಸಿದರು. ತಾವು ಹೇಳುವ ಮಾತು ತಮ್ಮ ವಿರುದ್ಧವೇ ಸಾಕ್ಷ್ಯವಾಗಬಹುದು ಎಂಬುದು ಅವರ ವಾದವಾಗಿತ್ತು. ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿಯನ್ನು ಅವರು ಮುಂದಿಟ್ಟರು. ಸಮಿತಿಯು ಈ ನಿರಾಕರಣೆಯನ್ನೂ ಸದನ ನಿಂದನೆ ಎಂದು ಪರಿಗಣಿಸಿತು.

1978ರ ನವೆಂಬರ್ 21ರಂದು ಸದನಕ್ಕೆ ಒಪ್ಪಿಸಿದ ವರದಿಯಲ್ಲಿ ಸಮಿತಿಯು ಮೂವರೂ ಹಕ್ಕುಚ್ಯುತಿ ಮತ್ತು ಸದನ ನಿಂದನೆ ಎಸಗಿದ್ದಾರೆಂದು ತೀರ್ಮಾನಿಸಿತು. ಆದರೆ ಎಂಥ ಶಿಕ್ಷೆ ವಿಧಿಸಬೇಕೆಂಬುದನ್ನು ಸೂಚಿಸದೆ ಅದನ್ನು ಸದನದ ವಿವೇಚನೆಗೆ ಬಿಟ್ಟಿತು.

ಸದನದ ನಿರ್ಣಯ

ಡಿಸೆಂಬರ್‌ನಲ್ಲಿ ಹಲವು ದಿನ ನಡೆದ ಚರ್ಚೆಯ ಬಳಿಕ 19ರಂದು ಲೋಕಸಭೆಯು ಸಮಿತಿಯ ತೀರ್ಮಾನವನ್ನು ಒಪ್ಪಿತು. ನಿರ್ಣಯದ ಪರವಾಗಿ 279 ಹಾಗೂ ವಿರುದ್ಧವಾಗಿ 138 ಮತಗಳು ಬಂದವು. ಇಂದಿರಾ ಗಾಂಧಿಯವರಿಗೆ ಉಚ್ಚಾಟನೆ ಮತ್ತು ಸೆರೆವಾಸ, ಧವನ್ ಮತ್ತು ಸೇನ್ ಅವರಿಗೆ ಸೆರೆವಾಸ ವಿಧಿಸಲಾಯಿತು. ಉಪಚುನಾವಣೆಯ ಫಲಿತಾಂಶ ಬಂದು ಆಗ ಸುಮಾರು ಆರು ವಾರಗಳಾಗಿದ್ದವು.

ಇಂದಿರಾ ಗಾಂಧಿಯವರನ್ನು ದೆಹಲಿಯ ತಿಹಾರ್ ಜೈಲಿನಲ್ಲಿ ಇರಿಸಲಾಯಿತು. ದೇಶದ ಹಲವೆಡೆ ಪ್ರತಿಭಟನೆಗಳು ನಡೆದವು. ಡಿಸೆಂಬರ್ 20ರಂದು ಅವರ ಬಿಡುಗಡೆಗೆ ಒತ್ತಾಯಿಸಿ ಇಬ್ಬರು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿ ವಾರಾಣಸಿಯಲ್ಲಿ ಇಳಿಸಿದರು. ಸದನವು ವಿಧಿಸುವ ಸೆರೆವಾಸವು ಅಧಿವೇಶನದ ಅವಧಿಯನ್ನು ಮೀರುವಂತಿಲ್ಲವಾದ ಕಾರಣ, ಡಿಸೆಂಬರ್ 26ರಂದು ಅಧಿವೇಶನ ಮುಕ್ತಾಯಗೊಂಡಾಗ ಅವರ ಬಿಡುಗಡೆಯಾಯಿತು. ಉಚ್ಚಾಟನೆಯಿಂದ ಸ್ಥಾನ ತೆರವಾಯಿತೇ ಹೊರತು ಮತ್ತೆ ಸ್ಪರ್ಧಿಸುವ ಹಕ್ಕಿಗೆ ಅಡ್ಡಿಯಾಗಲಿಲ್ಲ. 1980ರ ಜನವರಿಯ ಚುನಾವಣೆಯಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್ ಎರಡೂ ಕ್ಷೇತ್ರಗಳಲ್ಲಿ ಗೆದ್ದು ಪ್ರಧಾನಿಯಾದರು.

ನಿರ್ಣಯದ ರದ್ದತಿ

ಕಾಂಗ್ರೆಸ್ ಬಹುಮತ ಹೊಂದಿದ್ದ ಏಳನೆಯ ಲೋಕಸಭೆಯು 1981ರ ಮೇ 7ರಂದು ಮತ್ತೊಂದು ನಿರ್ಣಯವನ್ನು ಅಂಗೀಕರಿಸಿತು. 1978ರ ಸಮಿತಿಯ ತೀರ್ಮಾನವೂ ಸದನದ ನಿರ್ಣಯವೂ ಸಂಸದೀಯ ಹಕ್ಕುಬಾಧ್ಯತೆಯ ತತ್ತ್ವಗಳಿಗೆ ಮತ್ತು ಸಂವಿಧಾನ ನೀಡಿರುವ ಮೂಲ ರಕ್ಷಣೆಗಳಿಗೆ ವಿರುದ್ಧವೆಂದು ಅದು ಘೋಷಿಸಿತು. ಮೂವರೂ ನಿರಪರಾಧಿಗಳೆಂದೂ, ಆ ನಡವಳಿಯನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲವೆಂದೂ ಹೇಳಿ ಹಿಂದಿನ ನಿರ್ಣಯವನ್ನು ರದ್ದುಗೊಳಿಸಿತು.

ಎರಡೂ ಸಂದರ್ಭಗಳಲ್ಲಿ ಅಂತಿಮ ತೀರ್ಮಾನವು ಆಯಾ ಸದನದ ಬಹುಮತದಿಂದ ಬಂದಿತು. ಹೀಗೆ ಒಂದೇ ಘಟನೆಗೆ ಸಂಬಂಧಿಸಿದಂತೆ ಸಂಸತ್ತಿನ ದಾಖಲೆಯಲ್ಲಿ ಪರಸ್ಪರ ವಿರುದ್ಧವಾದ ಎರಡು ತೀರ್ಮಾನಗಳಿವೆ.

ಹೋಲಿಕೆಯ ಪ್ರಕರಣಗಳು

ಸದಸ್ಯತ್ವದಿಂದ ತೆಗೆದುಹಾಕುವ ಕ್ರಮವು 1978ಕ್ಕೆ ಹೊಸದಾಗಿರಲಿಲ್ಲ. 1951ರಲ್ಲಿ ಹಂಗಾಮಿ ಸಂಸತ್ತು ವಿಶೇಷ ಸಮಿತಿಯೊಂದರ ವರದಿಯ ಮೇರೆಗೆ ಎಚ್.ಜಿ. ಮುದ್ಗಲ್ ಅವರ ನಡವಳಿಕೆ ಉಚ್ಚಾಟನೆಗೆ ಅರ್ಹವೆಂದು ನಿರ್ಣಯಿಸಿತ್ತು. 1976ರಲ್ಲಿ ರಾಜ್ಯಸಭೆಯು ಸುಬ್ರಮಣಿಯನ್ ಸ್ವಾಮಿ ಅವರನ್ನು ಉಚ್ಚಾಟಿಸಿತ್ತು. 2005ರ ಡಿಸೆಂಬರ್‌ನಲ್ಲಿ, ಪ್ರಶ್ನೆ ಕೇಳಲು ಹಣ ಪಡೆದ ಆರೋಪದ ಮೇಲೆ ಲೋಕಸಭೆಯ 10 ಹಾಗೂ ರಾಜ್ಯಸಭೆಯ ಒಬ್ಬ ಸದಸ್ಯರು ಸ್ಥಾನ ಕಳೆದುಕೊಂಡರು. 2023ರ ಡಿಸೆಂಬರ್ 8ರಂದು ನೀತಿ ಸಮಿತಿಯ ವರದಿಯ ಆಧಾರದಲ್ಲಿ ಮಹುವಾ ಮೊಯಿತ್ರಾ ಅವರನ್ನು ಲೋಕಸಭೆಯಿಂದ ಉಚ್ಚಾಟಿಸಲಾಯಿತು. ವರದಿಯ ಮಂಡನೆ ಮತ್ತು ಅಂಗೀಕಾರ ಒಂದೇ ದಿನ ನಡೆದವು.

2007ರ ರಾಜಾರಾಂ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂಸತ್ತಿಗೆ ಉಚ್ಚಾಟನೆಯ ಅಧಿಕಾರವಿದೆಯೆಂದು ಒಪ್ಪಿತು. ಜೊತೆಗೆ, ಗಂಭೀರ ಕಾನೂನುಬಾಹಿರತೆ ಅಥವಾ ಸಂವಿಧಾನ ಉಲ್ಲಂಘನೆ ಕಂಡುಬಂದರೆ ನ್ಯಾಯಾಲಯವು ಅದನ್ನು ಪರಿಶೀಲಿಸಬಹುದೆಂದೂ ಹೇಳಿತು. 2010ರಲ್ಲಿ ಅಮರಿಂದರ್ ಸಿಂಗ್ ಪ್ರಕರಣದಲ್ಲಿ ಪಂಜಾಬ್ ವಿಧಾನಸಭೆಯ ಉಚ್ಚಾಟನೆಯನ್ನು ಅದು ರದ್ದುಪಡಿಸಿತು. ಹಿಂದಿನ ವಿಧಾನಸಭೆಯ ಅವಧಿಯಲ್ಲಿ ನಡೆದ, ಸದನದ ಕಾರ್ಯಕ್ಕೆ ಅಡ್ಡಿಪಡಿಸದ ಆಡಳಿತಾತ್ಮಕ ಕೃತ್ಯಕ್ಕೆ ಈ ಅಧಿಕಾರವನ್ನು ಬಳಸುವಂತಿಲ್ಲ ಎಂಬುದು ಅದರ ತೀರ್ಪು. 1978ರ ಆರೋಪವೂ ಹಿಂದಿನ ಲೋಕಸಭೆಯ ಅವಧಿಗೆ ಸೇರಿದ್ದೇ. ಆದರೆ ಅದು ಸದನದ ಪ್ರಶ್ನೆಗೆ ಉತ್ತರ ಸಿದ್ಧಪಡಿಸುವ ಕೆಲಸಕ್ಕೇ ಅಡ್ಡಿಪಡಿಸಿದ ಆರೋಪವಾಗಿತ್ತು.

ಕರ್ನಾಟಕದಲ್ಲಿಯೂ 2017ರ ಜೂನ್‌ನಲ್ಲಿ ವಿಧಾನಸಭೆಯು ಹಕ್ಕುಬಾಧ್ಯತಾ ಸಮಿತಿಯ ವರದಿಯನ್ನು ಆಧರಿಸಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷದ ಸೆರೆವಾಸ ವಿಧಿಸಿದ್ದು ವ್ಯಾಪಕ ಚರ್ಚೆಗೆ ಕಾರಣವಾಯಿತು.

ಅಧ್ಯಯನದಲ್ಲಿ ಪ್ರಕರಣದ ಮಹತ್ವ

ರಾಜ್ಯಶಾಸ್ತ್ರ ಮತ್ತು ಕಾನೂನಿನ ವಿದ್ಯಾರ್ಥಿಗಳು ಸಂಸದೀಯ ಮೇಲ್ವಿಚಾರಣೆಯ ಬಗ್ಗೆ ಪ್ರಬಂಧ ರಚಿಸುವಾಗ ಈ ಪ್ರಕರಣದಲ್ಲಿ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕಾಗುತ್ತದೆ:

• ಆರೋಪಿತ ಕೃತ್ಯವು ನಿಜವಾಗಿ ಸದನದ ಮೇಲ್ವಿಚಾರಣಾ ಕಾರ್ಯಕ್ಕೆ ಅಡ್ಡಿಯಾಯಿತೇ?
• ಸಮಿತಿಯ ವಿಚಾರಣೆಯ ಕ್ರಮವು ನ್ಯಾಯಯುತವಾಗಿತ್ತೇ? ಮೌನದ ಹಕ್ಕು ಸಮಿತಿಯ ಮುಂದೆಯೂ ಅನ್ವಯವಾಗುತ್ತದೆಯೇ?
• ವಿಧಿಸಿದ ಶಿಕ್ಷೆಯು ಅಪರಾಧಕ್ಕೆ ತಕ್ಕುದಾಗಿತ್ತೇ? ಮತದಾರರ ಆಯ್ಕೆಯನ್ನು ಸದನದ ಬಹುಮತವು ತೆಗೆದುಹಾಕಬಹುದೇ?

ಮೊದಲನೆಯ ಪ್ರಶ್ನೆಗೆ ಹೌದೆಂದು ಉತ್ತರಿಸುವವರು ಮೂರನೆಯದಕ್ಕೆ ಇಲ್ಲವೆನ್ನಬಹುದು. ಮೂರನ್ನೂ ಬೆರೆಸಿದಾಗ ಚರ್ಚೆಯು ಇಂದಿರಾ ಗಾಂಧಿಯವರ ಪರ ಅಥವಾ ವಿರುದ್ಧದ ರಾಜಕೀಯ ವಾದವಾಗಿಬಿಡುತ್ತದೆ. ನಾಲ್ವರು ಅಧಿಕಾರಿಗಳ ಸ್ಥಿತಿಯೂ, ಪ್ರತಿನಿಧಿಯನ್ನು ಕಳೆದುಕೊಂಡ ಕ್ಷೇತ್ರದ ಸ್ಥಿತಿಯೂ ಮರೆಯಾಗುತ್ತವೆ.

ಸಮಿತಿಯ ವರದಿ, 1978 ಮತ್ತು 1981ರ ಲೋಕಸಭಾ ಚರ್ಚೆಗಳು, ಚುನಾವಣಾ ಆಯೋಗದ ಅಂಕಿಅಂಶಗಳು ಹಾಗೂ ಸುಪ್ರೀಂ ಕೋರ್ಟಿನ ತೀರ್ಪುಗಳು ಪ್ರಾಥಮಿಕ ಆಕರಗಳು. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಚರ್ಚೆಗಳು ಮತ್ತು ಸಮಿತಿ ವರದಿಗಳು ಉಚಿತವಾಗಿ ದೊರೆಯುತ್ತವೆ. 1978ರ ವರದಿಯನ್ನು ಮಾತ್ರ ಓದಿ 1981ರ ನಿರ್ಣಯವನ್ನು ಬಿಟ್ಟರೆ, ಅಥವಾ ಎರಡನೆಯದನ್ನು ಮಾತ್ರ ಓದಿ ಮೊದಲನೆಯದನ್ನು ಬಿಟ್ಟರೆ, ಚಿತ್ರ ಅಪೂರ್ಣವಾಗುತ್ತದೆ. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟ ಚಿಕ್ಕಮಗಳೂರು ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸ್ಥಳೀಯ ಹಿರಿಯರ ನೆನಪುಗಳೂ ಪೂರಕ ಆಕರವಾಗಬಲ್ಲವು. ಆಗ ಮತದಾನದ ವಯಸ್ಸು 21 ಆಗಿದ್ದುದರಿಂದ, ಆ ಉಪಚುನಾವಣೆಯಲ್ಲಿ ಮತ ಹಾಕಿದವರು 1957 ಅಥವಾ ಅದಕ್ಕೂ ಮೊದಲು ಜನಿಸಿದವರು. ಇಂಥ ನೆನಪುಗಳು ಪ್ರಚಾರದ ವಾತಾವರಣವನ್ನು ತಿಳಿಸುತ್ತವೆ. ದಿನಾಂಕ ಮತ್ತು ಅಂಕಿಗಳಿಗೆ ಮುದ್ರಿತ ದಾಖಲೆಯೇ ಆಧಾರವಾಗಬೇಕು.

ಕ್ಷೇತ್ರದ ಇಂದಿನ ಸ್ಥಿತಿ

2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಚಿಕ್ಕಮಗಳೂರು ಹೆಸರಿನ ಪ್ರತ್ಯೇಕ ಲೋಕಸಭಾ ಕ್ಷೇತ್ರ ಉಳಿದಿಲ್ಲ. ತರೀಕೆರೆ ವಿಧಾನಸಭಾ ಕ್ಷೇತ್ರವು ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೂ, ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೂ ಸೇರಿವೆ. ಅಜ್ಜಂಪುರವು ಈಗ ಪ್ರತ್ಯೇಕ ತಾಲ್ಲೂಕಾಗಿದೆ. 1978ರಲ್ಲಿ ಒಂದೇ ಕ್ಷೇತ್ರದಲ್ಲಿದ್ದ ಕಡೂರು ಮತ್ತು ತರೀಕೆರೆಯ ಮತದಾರರು ಇಂದು ಇಬ್ಬರು ಬೇರೆಬೇರೆ ಸಂಸದರನ್ನು ಆಯ್ಕೆ ಮಾಡುತ್ತಾರೆ.